ಒಂದು ಗೇಣಿನ ದೂರ

ದೊಡ್ಡದನ್ನು ನೋಡುವುದಕ್ಕೆ ನಾವು ಪಡುವ ಶ್ರಮ ಎಲ್ಲರಿಗೂ ತಿಳಿದದ್ದೇ. ಜೋಗವನ್ನು ನೋಡಲು ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಹೋಗುತ್ತೇವೆ. ಗೊಮ್ಮಟನನ್ನು ನೋಡಲು ಕಾದ ಬಂಡೆಯ ಮೇಲೆ ಬರಿಗಾಲಿನಲ್ಲಿ ಏದುಸಿರು ಬಿಡುತ್ತ ಹತ್ತುತ್ತೇವೆ. ಸಣ್ಣದನ್ನು ನೋಡಲು ಇಷ್ಟು ದೂರ ಹೋಗಬೇಕಾದ್ದಿಲ್ಲ. ಅದು ಕಾಲ ಬುಡದಲ್ಲಿಯೇ ಇರುತ್ತದೆ. ಅದಕ್ಕಾಗಿಯೇ ಏನೋ ಅದನ್ನು ಯಾರೂ ನೋಡುವುದಿಲ್ಲ. ನೋಡಲೇಬೇಕೆಂದು ಹಟ ತೊಟ್ಟವನಿಗೆ ಮಾತ್ರ ಬೇರೊಂದು ಬಗೆಯ ಯಾತ್ರೆ ಕಾದಿರುತ್ತದೆ. ಅದು ಕ್ಯಾಮರಾ ಅಂಗಡಿಯ ಯಾತ್ರೆ. ಕಳೆದ ಬೇಸಿಗೆಯಲ್ಲಿ ನಾನು ಆ ಯಾತ್ರೆ ಮಾಡಿ ಬಂದೆ.

ಕನ್ನಡ ಮೇಷ್ಟರಿಗೆ ಮ್ಯಾಕ್ರೋ ಲೆನ್ಸು ಏತಕ್ಕೆ ಎಂದು ಕಾಲೇಜಿನ ಮಿತ್ರರೊಬ್ಬರು ಕೇಳಿದರು. ಅವರು ಭೌತಶಾಸ್ತ್ರದವರು, ಲೆನ್ಸು, ಬೆಳಕು, ಛಾಯೆ ಇವೆಲ್ಲ ತಮ್ಮ ಇಲಾಖೆಯ ಆಸ್ತಿ ಎಂಬ ಭಾವನೆ ಅವರದು. ಹಳಗನ್ನಡ ಪಾಠ ಹೇಳುವವನಿಗೆ ಕೇಶಿರಾಜ ಸಾಲದೇ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ನನಗೆ ಎರಡು ಕಾರಣಗಳಿದ್ದುವು. ಒಂದು ಕಾರಣ ಕಾಲೇಜಿನ ಮಾವಿನ ಮರದ ಮೇಲಿತ್ತು. ಇನ್ನೊಂದು ನನ್ನ ಸೋದರಮಾವನ ಮನೆಯ ಅಟ್ಟದ ಮೇಲಿತ್ತು.

ಮಾವಿನ ಮರದಲ್ಲಿರುವುದು ಚಗಳಿ ಇರುವೆ. ಮಲೆನಾಡಿನವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಕಚ್ಚಿಸಿಕೊಂಡವರೂ ಉಂಟು, ಚಟ್ನಿ ಅರೆದು ತಿಂದವರೂ ಉಂಟು. ಹಸಿರು ಎಲೆಗಳನ್ನು ಎಳೆದು ಸೇರಿಸಿ, ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಕಚ್ಚಿ ಹಿಡಿದು, ಅವು ಬಿಡುವ ರೇಷ್ಮೆಯ ನೂಲಿನಿಂದ ಎಲೆಯ ಅಂಚನ್ನು ಹೊಲಿಯುವ ಈ ಜಾತಿಯ ಕೆಲಸವನ್ನು ಮೇಜಿನ ಮುಂದೆ ಕುಳಿತು ಉತ್ತರಪತ್ರಿಕೆ ತಿದ್ದುವ ನಾನು ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ಇರುವೆಯ ಮೈ ಒಂದು ಸೆಂಟಿಮೀಟರಿಗೂ ಒಂದಿಷ್ಟು ಕಡಿಮೆಯೇ. ಅದರ ಬಾಯಲ್ಲಿರುವ ಹುಳುವನ್ನೂ ಹುಳುವಿನ ಬಾಯಲ್ಲಿರುವ ನೂಲನ್ನೂ ಚಿತ್ರದಲ್ಲಿ ಹಿಡಿಯಬೇಕೆಂಬುದು ನನ್ನ ಹಳೆಯ ಆಸೆ.

ಅಟ್ಟದ ಮೇಲಿನದು ಹಾಗಲ್ಲ. ಅದು ಆಸೆಯಲ್ಲ, ಅವಸರ. ತೀರ್ಥಹಳ್ಳಿಯ ಕಡೆಯ ಆ ಮನೆಯಲ್ಲಿ ಒಂದು ತಾಳೆಗರಿಯ ಕಟ್ಟು ಇದೆ. 112 ಗರಿಗಳು. ಲಕ್ಷ್ಮೀಶನ ಜೈಮಿನಿ ಭಾರತ; ಆದರೆ ಪೂರ್ತಿ ಇಲ್ಲ. ಮೊದಲಿನ ಗರಿಗಳೂ ಇಲ್ಲ, ಕೊನೆಯ ಗರಿಗಳೂ ಇಲ್ಲ; ಆದ್ದರಿಂದ ಬರೆದವರ ಹೆಸರೂ ಇಲ್ಲ. ಮಾವನ ಮುತ್ತಜ್ಜ ಬರೆದದ್ದೆಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಎಷ್ಟೋ ಕಾಲ ಅದು ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಸುರಕ್ಷಿತವಾಗಿತ್ತು. ಕಾರಣವೇನೆಂದರೆ ಕೆಳಗಿನ ಒಲೆಯ ಹೊಗೆ. ಹೊಗೆಯಿದ್ದ ಕಡೆ ಹುಳು ಬರುವುದಿಲ್ಲ, ಮಳೆಗಾಲದ ಶೀತವೂ ನಿಲ್ಲುವುದಿಲ್ಲ. ಮನೆಗೆ ಗ್ಯಾಸಿನ ಒಲೆ ಬಂತು. ಅತ್ತೆಯ ಕಣ್ಣುರಿ ನಿಂತಿತು. ಗರಿಗಳಿಗೆ ಹುಳು ಹತ್ತಿತು. ಯಾರನ್ನು ದೂರೋಣ? ನಿಂಬೆಹುಲ್ಲಿನ ಎಣ್ಣೆ ಸವರಿದರೆ ಹುಳು ಹತೋಟಿಗೆ ಬರುತ್ತದೆ, ಆದರೆ ಹೋದ ಅಕ್ಷರ ಹಿಂದಿರುಗುವುದಿಲ್ಲ.

ಮಾವನಿಗೆ ಎಂಬತ್ತು ದಾಟಿದೆ. ಆ ಕೈಬರಹವನ್ನು ತಡವರಿಸದೆ ಓದಬಲ್ಲವರು, ರಾಗವಾಗಿ ಓದಬಲ್ಲವರು, ಇಡೀ ಕುಟುಂಬದಲ್ಲಿ ಈಗ ಅವರೊಬ್ಬರೇ. ಅವರ ಕಣ್ಣೂ ಮಂಜಾಗುತ್ತಿದೆ. ಹೀಗೆ ಗರಿಯೂ ಓದುಗನೂ ಒಟ್ಟಿಗೆ ಸವೆಯುತ್ತಿದ್ದರು. ಗರಿಗಳ ಚಿತ್ರ ತೆಗೆದು, ಅಕ್ಷರವನ್ನು ದೊಡ್ಡದು ಮಾಡಿ ಅವರ ಮುಂದಿಟ್ಟರೆ, ಒಂದು ಸಲವಾದರೂ ಪೂರ್ತಿ ಓದಿಸಿಕೊಳ್ಳಬಹುದಲ್ಲ ಎಂಬುದು ನನ್ನ ಲೆಕ್ಕ. ಕಟ್ಟನ್ನು ಮನೆಯ ಹೊಸ್ತಿಲು ದಾಟಿಸಲು ಮಾವ ಒಪ್ಪುವುದಿಲ್ಲ. ಆದ್ದರಿಂದ ಲೆನ್ಸೇ ಗರಿಯ ಬಳಿಗೆ ಹೋಗಬೇಕಾಯಿತು.

ಇನ್ನು ಲೆನ್ಸಿನ ವಿಚಾರ. ಮ್ಯಾಕ್ರೋ ಎಂಬ ಗ್ರೀಕ್ ಮಾತಿಗೆ ದೊಡ್ಡದು, ಉದ್ದವಾದದ್ದು ಎಂದು ಅರ್ಥ. ಸಣ್ಣದನ್ನು ಹಿಡಿಯುವ ಲೆನ್ಸಿಗೆ ಈ ಹೆಸರು ಬಂದದ್ದು ಬಿಂಬದ ಗಾತ್ರದ ಕಾರಣದಿಂದ. ವಸ್ತು ಎಷ್ಟಿದೆಯೋ ಅಷ್ಟೇ ಗಾತ್ರದ ಬಿಂಬ ಕ್ಯಾಮರಾದೊಳಗಿನ ಸಂವೇದಿ ಫಲಕದ ಮೇಲೆ ಬಿದ್ದರೆ ಅದನ್ನು ಒಂದಕ್ಕೆ ಒಂದು ಎನ್ನುತ್ತಾರೆ. ನನ್ನ ಕ್ಯಾಮರಾದ ಫಲಕ ಸುಮಾರು 24 ಮಿಲಿಮೀಟರು ಉದ್ದ, 16 ಮಿಲಿಮೀಟರು ಅಗಲ. ಒಂದಕ್ಕೆ ಒಂದು ಎಂದಾಗ ಎಂಟು ಮಿಲಿಮೀಟರಿನ ಇರುವೆ ಚಿತ್ರದ ಮೂರನೆಯ ಒಂದು ಪಾಲನ್ನು ತುಂಬುತ್ತದೆ. ಇರುವೆಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಬೇಕಿಲ್ಲ.

ಅಂಗಡಿಯಲ್ಲಿ ಮೊದಲು ಗಮನಿಸಬೇಕಾದದ್ದು ಇದನ್ನೇ. ಎಷ್ಟೋ ಜೂಮ್ ಲೆನ್ಸುಗಳ ಮೈಮೇಲೆ ಮ್ಯಾಕ್ರೋ ಎಂದು ಬರೆದಿರುತ್ತದೆ; ವಿವರದ ಚೀಟಿ ನೋಡಿದರೆ ಒಂದಕ್ಕೆ ನಾಲ್ಕು, ಎಂದರೆ ಬಿಂಬ ವಸ್ತುವಿನ ಕಾಲುಭಾಗ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ ಎಂಬ ಗಾದೆ ನಮ್ಮವರು ಇಂಥದ್ದಕ್ಕೇ ಮಾಡಿದ್ದು. ಇನ್ನೊಂದು ಕಡೆ ಅತಿರೇಕವೂ ಉಂಟು. 1999ರಲ್ಲಿ ಕ್ಯಾನನ್ ಕಂಪನಿ ತಂದ 65 ಮಿಲಿಮೀಟರಿನ ಒಂದು ಲೆನ್ಸು ವಸ್ತುವಿನ ಐದರಷ್ಟು ಬಿಂಬ ಕೊಡುತ್ತದೆ. ಆದರೆ ಅದು ಒಂದಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಯುವುದೇ ಇಲ್ಲ, ದೂರದ ವಸ್ತು ಅದಕ್ಕೆ ಕಾಣುವುದೇ ಇಲ್ಲ. ಸೊಳ್ಳೆಯ ಕಣ್ಣು ಬೇಕಾದವರಿಗೆ ಅದು ಸರಿ. ನನಗೆ ಇರುವೆಯೂ ಬೇಕು, ಗರಿಯೂ ಬೇಕು.

ಕಡಿಮೆ ಖರ್ಚಿನ ದಾರಿಗಳೂ ಇವೆ. ಇರುವ ಲೆನ್ಸಿನ ಮೂತಿಗೆ ಭೂತಗನ್ನಡಿಯಂಥ ಗಾಜನ್ನು ತಿರುಗಿಸಿ ಹಾಕಬಹುದು. ಲೆನ್ಸಿಗೂ ಕ್ಯಾಮರಾಕ್ಕೂ ನಡುವೆ ಟೊಳ್ಳು ಬಳೆಗಳನ್ನು ಸೇರಿಸಬಹುದು. 50 ಮಿಲಿಮೀಟರಿನ ಲೆನ್ಸಿಗೆ 50 ಮಿಲಿಮೀಟರು ಬಳೆ ಸೇರಿಸಿದರೆ ಒಂದಕ್ಕೆ ಒಂದು ಸಿದ್ಧ. ಅದೂ ಬೇಡವೆಂದರೆ ಒಂದು ಉಂಗುರ ಕೊಂಡು ಲೆನ್ಸನ್ನೇ ಹಿಂದುಮುಂದಾಗಿ ಕೂರಿಸಬಹುದು. ಇರುವೆಗೆ, ಹೂವಿನ ಕೇಸರಕ್ಕೆ, ಅಕ್ಕಿಕಾಳಿಗೆ ಇವು ಧಾರಾಳವಾಗಿ ಸಾಕು. ಗರಿಗೆ ಸಾಲದು. ಏಕೆಂದರೆ ಸಾಮಾನ್ಯ ಲೆನ್ಸನ್ನು ದೂರದ ವಸ್ತುವಿಗಾಗಿ ರೂಪಿಸಿರುತ್ತಾರೆ. ಅದನ್ನು ಹತ್ತಿರಕ್ಕೆ ಬಗ್ಗಿಸಿದರೆ ಚಪ್ಪಟೆಯಾದ ಗರಿಯ ನಡುವಿನ ಅಕ್ಷರ ಸ್ಪಷ್ಟವಾಗಿ, ಅಂಚಿನ ಅಕ್ಷರ ಮಸಕಾಗಿ ಬೀಳುತ್ತದೆ. ಕಾವ್ಯದ ಸಾಲಿಗೆ ನಡುವೆಷ್ಟು ಮುಖ್ಯವೋ ಅಂಚೂ ಅಷ್ಟೇ ಮುಖ್ಯ. ಷಟ್ಪದಿಯ ಪ್ರಾಸಾಕ್ಷರ ಅಂಚಿನಲ್ಲೇ ಅಡಗಿರಬಹುದು.

ಮೊಬೈಲಿನಲ್ಲಿ ಆಗುವುದಿಲ್ಲವೇ ಎಂದು ಮಗಳು ಕೇಳಿದಳು. ಆಗುತ್ತದೆ; ಆದರೆ ಅದನ್ನು ವಸ್ತುವಿನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹಿಡಿಯಬೇಕು, ಆಗ ಅದರ ನೆರಳೇ ಅಕ್ಷರದ ಮೇಲೆ ಕೂರುತ್ತದೆ.

ಓದುತ್ತ ಹೋದಾಗ ತಿಳಿದ ಒಂದು ಸಂಗತಿ ನನ್ನ ಮನಸ್ಸನ್ನು ಬಹುವಾಗಿ ಹಿಡಿಯಿತು. ಹತ್ತಿರದ ಚಿತ್ರಕ್ಕೆಂದೇ ಲೆನ್ಸುಗಳು ಬಂದ ಕಾಲ 1950ರ ದಶಕ. 1955ರಲ್ಲಿ ಹೈನ್ಸ್ ಕಿಲ್‌ಫಿಟ್ ಎಂಬ ಜರ್ಮನ್ ತಂತ್ರಜ್ಞನ ಮಕ್ರೋ ಕಿಲಾರ್ ಬಂತು. ಮರುವರ್ಷ, 1956ರಲ್ಲಿ, ಜಪಾನಿನ ನಿಕಾನ್ ಕ್ಯಾಮರಾಕ್ಕೆ 5 ಸೆಂಟಿಮೀಟರಿನ ಮೈಕ್ರೋ ನಿಕ್ಕೋರ್ ಬಂತು. ಆ ಎರಡನೆಯದು ಹುಟ್ಟಿದ್ದು ಹೂವಿಗಾಗಿಯೂ ಅಲ್ಲ, ಹುಳುವಿಗಾಗಿಯೂ ಅಲ್ಲ, ಅಕ್ಷರಕ್ಕಾಗಿ. ಪುಸ್ತಕ ಪತ್ರಗಳನ್ನು ಕಿರಿದಾದ ಫಿಲ್ಮಿನ ಮೇಲೆ ಇಳಿಸಿ ಕಾಪಾಡುವ ಕೆಲಸ ಆಗ ನಡೆಯುತ್ತಿತ್ತು. ಇಂಗ್ಲಿಷಿನ ಅಕ್ಷರಕ್ಕೆ ಗೆರೆ ಕಡಿಮೆ. ಜಪಾನೀಯರು ಬಳಸುವ ಕಾಂಜಿ ಅಕ್ಷರದಲ್ಲಿಯಾದರೋ ಒಂದೊಂದು ಚೌಕದೊಳಗೆ ಹತ್ತು ಹದಿನೈದು ಗೀಟುಗಳು. ಇಂಗ್ಲಿಷಿಗೆ ಸಾಕಾಗುವ ಲೆನ್ಸು ಅಲ್ಲಿ ಸಾಲದೆ ಹೋಯಿತು. ಗೀಟುಗಳು ಒಂದಕ್ಕೊಂದು ಅಂಟಿಕೊಂಡುವು. ತಮ್ಮ ಲಿಪಿಗೆ ತಕ್ಕ ಲೆನ್ಸನ್ನು ಅವರು ತಾವೇ ಮಾಡಿಕೊಂಡರು. ಒಂದು ಭಾಷೆಯ ಲಿಪಿ ಗಾಜನ್ನು ಹೀಗೆ ತಿದ್ದಿದ್ದು ಓದಿ, ಕನ್ನಡ ಮೇಷ್ಟರಿಗೆ ಲೆನ್ಸು ಏತಕ್ಕೆಂಬ ಪ್ರಶ್ನೆಗೆ ನನಗೆ ಬೇಕಾದ ಉತ್ತರ ಸಿಕ್ಕಿದಂತಾಯಿತು. ಭೌತಶಾಸ್ತ್ರದ ಮಿತ್ರರಿಗೆ ಅದನ್ನು ಹೇಳಿಯೂ ಹೇಳಿದೆ. ಅವರು ಕಾಫಿ ತರಿಸಿದರು.

ಬೆಂಗಳೂರಿನ ಅಂಗಡಿಯಲ್ಲಿ ನನ್ನನ್ನು ವಿಚಾರಿಸಿಕೊಂಡವನು ಇಪ್ಪತ್ತೈದರ ಹುಡುಗ. ಮೂರು ಲೆನ್ಸುಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ: 60, 100, 180 ಮಿಲಿಮೀಟರು. ಮೂರೂ ಒಂದಕ್ಕೆ ಒಂದು ಕೊಡುವಂಥವೇ.

"ಎಲ್ಲವೂ ಅಷ್ಟೇ ದೊಡ್ಡದಾಗಿ ತೋರಿಸುವುದಾದರೆ ವ್ಯತ್ಯಾಸ ಏನಪ್ಪ?" ಎಂದೆ.

"ದೂರ, ಸಾರ್. ಅಷ್ಟು ದೊಡ್ಡದಾಗಿ ಕಾಣೋಕೆ ನೀವು ಎಷ್ಟು ಹತ್ತಿರ ಹೋಗಬೇಕು ಅನ್ನೋದೇ ವ್ಯತ್ಯಾಸ. ನೀವು ಏನನ್ನ ತೆಗೀತೀರಿ, ಅದು ಹೇಳಿ ಮೊದಲು."

ಹುಡುಗ ಇಡೀ ಶಾಸ್ತ್ರವನ್ನು ಎರಡು ಮಾತಿನಲ್ಲಿ ಮುಗಿಸಿದ್ದ. ಒಂದಕ್ಕೆ ಒಂದರ ಬಿಂಬ ಬೇಕಾದಾಗ 60ರ ಮೂತಿಗೂ ಇರುವೆಗೂ ನಡುವೆ ಉಳಿಯುವುದು ನಾಲ್ಕೈದು ಬೆರಳಗಲ, ಸುಮಾರು ಒಂಬತ್ತು ಸೆಂಟಿಮೀಟರು. 100ರಲ್ಲಿ ಹದಿನೈದು ಸೆಂಟಿಮೀಟರಿನ ಆಸುಪಾಸು. ಒಂದು ಗೇಣಿಗೆ ತುಸು ಕಡಿಮೆ. 180ರಲ್ಲಿ ಗೇಣಿಗೆ ತುಸು ಹೆಚ್ಚು. ಚಗಳಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಹೋದರೆ ಅದು ಹೊಲಿಗೆ ಬಿಟ್ಟು ಲೆನ್ಸಿನ ಮೇಲೆ ಹತ್ತುತ್ತದೆ. ಲೆನ್ಸಿನ ಆಚೆ ಇರುವುದು ನನ್ನ ಕೈ. ಇರುವೆಯ ದೃಷ್ಟಿಯಿಂದ 180 ಉತ್ತಮ.

ಗರಿಯ ದೃಷ್ಟಿ ಬೇರೆ. ಅದಕ್ಕೆ ಒಂದಕ್ಕೆ ಒಂದು ಯಾವಾಗಲೂ ಬೇಕಿಲ್ಲ. ಗರಿ ನಲವತ್ತು ಸೆಂಟಿಮೀಟರು ಉದ್ದ, ನಾಲ್ಕು ಸೆಂಟಿಮೀಟರು ಅಗಲ. ಮೈಮೇಲೆ ಏಳು ಸಾಲು. ಅಕ್ಷರ ಮೂರು ಮಿಲಿಮೀಟರು. ಒಂದು ಗರಿಯನ್ನು ಮೂರು ಭಾಗವಾಗಿ ತೆಗೆದರೆ ಬಿಂಬ ಆರರಲ್ಲಿ ಒಂದು ಪಾಲು. ನನ್ನ ಕ್ಯಾಮರಾದ ಚಿತ್ರದ ಉದ್ದಕ್ಕೆ 6000 ಬಿಂದುಗಳು. ಎಂದರೆ ಒಂದೊಂದು ಅಕ್ಷರದ ಎತ್ತರಕ್ಕೆ 120 ಬಿಂದುಗಳಷ್ಟು ಸಿಗುತ್ತವೆ. ಓದುವುದಕ್ಕೆ ಧಾರಾಳ. ಹೀಗೆ ತೆಗೆಯಲು 60ರ ಲೆನ್ಸಾದರೆ ಗರಿಯ ಮೇಲೆ ಒಂದೂವರೆ ಅಡಿ, 100 ಆದರೆ ಎರಡೂಕಾಲು ಅಡಿ, 180 ಆದರೆ ನಾಲ್ಕು ಅಡಿ ಎತ್ತರದಲ್ಲಿ ಕ್ಯಾಮರಾ ನಿಲ್ಲಬೇಕು. ಕೆಳಮುಖವಾಗಿ ನಾಲ್ಕು ಅಡಿ ಮೇಲೆ ಕ್ಯಾಮರಾ ಕಟ್ಟಿ, ಅದರ ಹಿಂದೆ ಸ್ಟೂಲು ಹತ್ತಿ ನಿಂತು 672 ಚಿತ್ರ ತೆಗೆಯುವ ಶಕ್ತಿ ನನ್ನ ಸೊಂಟಕ್ಕಿಲ್ಲ. ಗರಿ ಚಿಕ್ಕ ಲೆನ್ಸಿನ ಕಡೆ ಎಳೆಯಿತು, ಇರುವೆ ಉದ್ದ ಲೆನ್ಸಿನ ಕಡೆ ಎಳೆಯಿತು. ನಾನು ನಡುವಿನ ನೂರನ್ನು ಹಿಡಿದೆ.

ಹೊಸದರ ಬೆಲೆ ನನ್ನ ಒಂದು ತಿಂಗಳ ಸಂಬಳದ ಅರ್ಧವನ್ನು ಮೀರುತ್ತಿತ್ತು. ಮನೆಯಲ್ಲಿ ಇದರ ಪ್ರಸ್ತಾಪ ಬಂದಾಗ ನನ್ನಾಕೆ ಒಂದೇ ಪ್ರಶ್ನೆ ಕೇಳಿದಳು: "ಜೈಮಿನಿ ಪುಸ್ತಕದಂಗಡಿಯಲ್ಲಿ ಸಿಗುವುದಿಲ್ಲವೇ?" ಸಿಗುತ್ತದೆ. ಒಳ್ಳೆಯ ಅಚ್ಚಿನಲ್ಲಿ, ಅರ್ಥ ತಾತ್ಪರ್ಯ ಸಮೇತ ಸಿಗುತ್ತದೆ. ಹಿಂದಿನವರು ಮನೆಮನೆಯಲ್ಲೂ ಓದಿಸಿದ ಕಾವ್ಯ ಅದು. ಅದರ ಪ್ರತಿಗಳು ನಾಡಿನಲ್ಲಿ ಎಷ್ಟೋ ಇವೆ. 1905ರಲ್ಲಿ ಶಾಮಶಾಸ್ತ್ರಿಗಳ ಕೈಗೆ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದಂತೆ ನಮ್ಮ ಅಟ್ಟದಿಂದ ಲೋಕಕ್ಕೆ ಹೊಸದೇನೂ ಸಿಕ್ಕುವುದಿಲ್ಲ. ವಿದ್ವತ್ತಿನ ತಕ್ಕಡಿಯಲ್ಲಿ ಆ ಕಟ್ಟಿನ ತೂಕ ಹೆಚ್ಚಿಲ್ಲವೆಂದು ನಾನೇ ಹೇಳಬಲ್ಲೆ. ಅವಳ ಪ್ರಶ್ನೆಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ರಾಜಿ ಮಾತ್ರ ಮಾಡಿಕೊಂಡೆವು: ಹಳೆಯದನ್ನು ಕೊಳ್ಳುವುದು. ತಾನೇ ನಾಭಿ ಹುಡುಕಿಕೊಳ್ಳುವ ಜಾಣತನ ನನಗೆ ಬೇಡ. ಗರಿ ಓಡಿಹೋಗುವುದಿಲ್ಲ, ಇರುವೆಗೆ ಕೈಯಿಂದ ಹೊಂದಿಸುವುದೇ ವಾಸಿ. ಕೈನಡುಕ ತಡೆಯುವ ಯಂತ್ರವೂ ಬೇಡ. ಮೂರು ಕಾಲಿನ ಸ್ಟ್ಯಾಂಡು ನನ್ನಲ್ಲಿತ್ತು. ಬೇಕಾದದ್ದು ಅಂಚಿನವರೆಗೂ ಚೊಕ್ಕಟವಾದ ಗಾಜು. ಎರಡು ದಿನ ಬಾಡಿಗೆಗೆ ತಂದು, ಗೋಡೆಗೆ ವೃತ್ತಪತ್ರಿಕೆ ಅಂಟಿಸಿ ನಾಲ್ಕು ಮೂಲೆಯ ಅಕ್ಷರವನ್ನೂ ಪರೀಕ್ಷಿಸಿ, ಆಮೇಲೆ ಅದೇ ಬಗೆಯದೊಂದನ್ನು ಅರ್ಧ ಬೆಲೆಗೆ ಕೊಂಡೆ.

ಏಪ್ರಿಲ್ ತಿಂಗಳಲ್ಲಿ ಊರಿಗೆ ಹೋದೆ. ಮಾವ ಲೆನ್ಸನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, "ಇದಕ್ಕೆ ಇಷ್ಟು ದುಡ್ಡು ಎಂತಕ್ಕೆ ಮಾರಾಯ? ಒಳಗೆ ಎಂತದೂ ಇಲ್ಲವಲ್ಲ!" ಎಂದರು. "ಒಳಗೆ ಏನೂ ಕಾಣದ ಹಾಗೆ ಮಾಡುವುದಕ್ಕೇ ಮಾವ, ಅಷ್ಟು ದುಡ್ಡು" ಎಂದೆ.

ಹಜಾರದ ಕಿಟಕಿಯ ಬಳಿ ಚಾಪೆ ಹಾಸಿ ಗರಿ ಇಟ್ಟೆ. ತಾಳೆಗರಿಯ ಬರವಣಿಗೆ ಕಾಗದದಂತಲ್ಲ. ಮೊದಲು ಕಬ್ಬಿಣದ ಕಂಠದಿಂದ ಅಕ್ಷರವನ್ನು ಕೊರೆಯುತ್ತಾರೆ; ಆಮೇಲೆ ಕಾಡಿಗೆಯ ಮಸಿ ಬಳಿದು ಒರೆಸುತ್ತಾರೆ; ಕೊರೆದ ಗೀರಿನಲ್ಲಿ ಮಾತ್ರ ಮಸಿ ಉಳಿಯುತ್ತದೆ. ಕಾಲ ಕಳೆದಂತೆ ಮಸಿ ಹೋಗುತ್ತದೆ, ಗೀರು ಉಳಿಯುತ್ತದೆ. ಎದುರು ಬೆಳಕಿಟ್ಟರೆ ಮಸಿಯಿಲ್ಲದ ಗೀರು ಕಾಣುವುದಿಲ್ಲ. ಬೆಳಗಿನ ಬೆಳಕು ಕಿಟಕಿಯಿಂದ ಓರೆಯಾಗಿ, ನೆಲಕ್ಕೆ ಸವರಿಕೊಂಡು ಬರುವಂತೆ ಮಾಡಿದರೆ ಗೀರಿನ ಒಂದು ದಡ ಹೊಳೆಯುತ್ತದೆ, ಇನ್ನೊಂದು ದಡ ನೆರಳಾಗುತ್ತದೆ. ಅಕ್ಷರ ಎದ್ದು ನಿಲ್ಲುತ್ತದೆ. ಮಾಸಿದ ಕಡೆ ಇನ್ನೂ ಕೆಳಗಿಳಿದು, ಒಂದಕ್ಕೆ ಒಂದರವರೆಗೂ ಹೋಗಿ ತೆಗೆದೆ. ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಉಳಿಯುವ ಆಳ ಒಂದು ಮಿಲಿಮೀಟರೂ ಇಲ್ಲ. ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿದರೆ ಆಳ ತುಸು ಹೆಚ್ಚುತ್ತದೆ. ತೀರ ಕಿರಿದು ಮಾಡಿದರೆ ಬೆಳಕು ಅಂಚಿನಲ್ಲಿ ಬಾಗಿ ಹರಡಿ ಇಡೀ ಚಿತ್ರವೇ ಮಂಕಾಗುತ್ತದೆ. ಸಾಲದ್ದಕ್ಕೆ ಒಂದಕ್ಕೆ ಒಂದರಲ್ಲಿ ಒಳಗೆ ಮುಟ್ಟುವ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಉಸಿರು ಬಿಗಿಹಿಡಿದು ಒಂದೊಂದನ್ನೇ ತೆಗೆಯಬೇಕಾಯಿತು.

ರಾತ್ರಿ ಊಟವಾದ ಮೇಲೆ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ಮಾವನ ಮುಂದಿಟ್ಟೆ. ಮೂರು ಮಿಲಿಮೀಟರಿನ ಅಕ್ಷರ ಹೆಬ್ಬೆರಳಿನಷ್ಟಾಗಿತ್ತು. ಅವರು ಕನ್ನಡಕ ತೆಗೆದಿಟ್ಟು ಓದತೊಡಗಿದರು. ಮೊದಲು ಮಾತಿನಲ್ಲಿ, ಆಮೇಲೆ ರಾಗದಲ್ಲಿ. ಅತ್ತೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಬಾಗಿಲಲ್ಲಿ ಬಂದು ನಿಂತರು.

ಮೂರನೆಯ ರಾತ್ರಿ ಒಂದು ಪದ್ಯದ ನಡುವೆ ನಿಲ್ಲಿಸಿ ಮಾವ ನಕ್ಕರು. "ಇಲ್ಲಿ ನೋಡು, ಅಜ್ಜ ಒಂದು ಅಕ್ಷರ ನುಂಗಿದ್ದಾರೆ. ನಮ್ಮಪ್ಪಯ್ಯ ಯಾವಾಗಲೂ ಹೇಳಿ ನಗುತ್ತಿದ್ದರು. ಮಾತ್ರೆ ಕೆಡುತ್ತದೆ ಅಂತ ನಾವೇ ಸೇರಿಸಿ ಓದುವುದು." ಅದು ಆ ಮನೆಯ ಹಳೆಯ ತಮಾಷೆ, ನಾನೂ ಚಿಕ್ಕಂದಿನಲ್ಲಿ ಕೇಳಿದ್ದೆ. ಆ ಜಾಗವನ್ನು ನಾನು ಬೆಳಗ್ಗೆ ಹತ್ತಿರದಿಂದ ತೆಗೆದದ್ದಿತ್ತು. ಆ ಚಿತ್ರವನ್ನು ತೆರೆದೆ. ಎರಡು ಅಕ್ಷರಗಳ ನಡುವೆ, ಸಾಲಿನ ಕೆಳಗೆ, ಕೂದಲೆಳೆಯಷ್ಟು ಸಣ್ಣ ಗೀರಿನ ಒಂದು ಹಂಸಪಾದ. ಅದರ ನೇರಕ್ಕೆ ಸಾಲುಗಳ ನಡುವಣ ಸಂದಿಯಲ್ಲಿ ಬಿಟ್ಟ ಅಕ್ಷರ. ಎರಡರಲ್ಲೂ ಮಸಿಯಿಲ್ಲ. ಗರಿಗೆ ಮಸಿ ಬಳಿದು ಒರೆಸಿಯಾದ ಮೇಲೆ, ಇನ್ನೊಮ್ಮೆ ಓದಿ ನೋಡಿ, ತಪ್ಪು ಕಂಡು, ಕಂಠ ಹಿಡಿದು ತಿದ್ದಿದ್ದಾರೆ. ಆ ತಿದ್ದುಪಡಿಗೆ ಮತ್ತೆ ಮಸಿ ಬಳಿಯುವುದು ಆಗಿಲ್ಲ. ಆದ್ದರಿಂದ ನಾಲ್ಕು ತಲೆಮಾರು ಅದನ್ನು ಯಾರೂ ಕಂಡಿಲ್ಲ.

ಮಾವ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ, "ಹಾಗಾದರೆ ಅವರು ಬಿಟ್ಟಿರಲಿಲ್ಲ ಮಾರಾಯ" ಎಂದರು. ಇಷ್ಟು ವರ್ಷ ನಕ್ಕಿದ್ದಕ್ಕೋ ಏನೋ, ಮುಖವನ್ನು ಆ ಕಡೆ ತಿರುಗಿಸಿಕೊಂಡರು. ಮತ್ತೆ ಪದ್ಯವನ್ನು ಮೊದಲಿನಿಂದ ಎತ್ತಿಕೊಂಡು, ಆ ಅಕ್ಷರ ಬಂದಾಗ ಅದನ್ನು ಒಂದಿಷ್ಟು ಒತ್ತಿ ಹಾಡಿದರು.

ಪುಸ್ತಕದಂಗಡಿಯ ಜೈಮಿನಿಯಲ್ಲಿ ಆ ಅಕ್ಷರ ಅಚ್ಚಾಗಿಯೇ ಇದೆ. ಆದರೆ ಅಲ್ಲಿ ಅದನ್ನು ಯಾರೂ ಬಿಟ್ಟೂ ಇಲ್ಲ, ಹುಡುಕಿ ತಂದೂ ಇಲ್ಲ. ಹೆಸರು ಉಳಿಸದೆ ಹೋದ ಒಬ್ಬ ಮನುಷ್ಯ ತಾನು ಬರೆದದ್ದನ್ನು ತಿರುಗಿ ಓದುತ್ತಿದ್ದ, ಒಂದು ಅಕ್ಷರವೂ ಮುಖ್ಯವೆಂದು ತಿಳಿದಿದ್ದ ಎಂಬುದಕ್ಕೆ ಇರುವ ಸಾಕ್ಷಿ ಆ ಗೀರು ಒಂದೇ. ಊರಿಂದ ಬಂದು ಇದನ್ನು ಹೇಳಿದಾಗ ನನ್ನಾಕೆ ಚಿತ್ರವನ್ನು ತಾನೂ ನೋಡಿದಳು. ಬೆಲೆಯ ಮಾತು ಮತ್ತೆ ಎತ್ತಿಲ್ಲ.

ಲೆನ್ಸು ಕೊಳ್ಳಬೇಕೆಂದು ಈಗ ಯಾರಾದರೂ ನನ್ನನ್ನು ಕೇಳಿದರೆ, ಅಂಗಡಿಯ ಹುಡುಗನ ಮಾತನ್ನೇ ಹೇಳುತ್ತೇನೆ: ಏನನ್ನು ನೋಡುತ್ತೀರಿ, ಅದು ನಿಮ್ಮನ್ನು ಎಷ್ಟು ಹತ್ತಿರಕ್ಕೆ ಬಿಡುತ್ತದೆ, ಅದನ್ನು ಮೊದಲು ತಿಳಿದುಕೊಳ್ಳಿ. ಬಿಂಬದ ಗಾತ್ರ ಎಲ್ಲದರಲ್ಲೂ ಒಂದೇ. ತೀರ ಹತ್ತಿರ ಹೋದರೆ ನಮ್ಮ ನೆರಳೇ ಅದರ ಮೇಲೆ ಬೀಳುತ್ತದೆ. ದೂರ ನಿಂತರೆ ಸ್ಟೂಲು ಹತ್ತಬೇಕಾಗುತ್ತದೆ. ನನ್ನ ಮಟ್ಟಿಗೆ ಒಂದು ಗೇಣು ಸಾಕಾಯಿತು.

ಮಳೆ ಹಿಡಿಯುವ ಹೊತ್ತಿಗೆ 41 ಗರಿಗಳಾದುವು, 71 ಉಳಿದಿವೆ. ಮೋಡದ ಬೆಳಕಿನಲ್ಲಿ ಗೀರು ಏಳುವುದಿಲ್ಲ, ಶೀತದಲ್ಲಿ ಗರಿ ಬಿಚ್ಚುವುದೂ ಕ್ಷೇಮವಲ್ಲ. ಕಟ್ಟು ಈಗ ಬಟ್ಟೆ ಸುತ್ತಿಕೊಂಡು ನಿಂಬೆಹುಲ್ಲಿನ ವಾಸನೆಯಲ್ಲಿ ಮಲಗಿದೆ. ದೀಪಾವಳಿಯ ರಜೆಗೆ ಬಾ ಎಂದು ಮಾವ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಗಂಟಲು ಸರಿಯಾಗಿದೆ ಎಂದು ತೋರಿಸಲು ಒಂದು ಪದ್ಯವನ್ನೂ ಹೇಳುತ್ತಾರೆ. ಅಲ್ಲಿಯವರೆಗೆ ಮಾವಿನ ಮರದ ಕೆಳಗೆ, ತೋಳಿಗೆ ಬಟ್ಟೆ ಸುತ್ತಿಕೊಂಡು, ಗೇಣಿನ ದೂರದಲ್ಲಿ ನಿಂತು, ಚಗಳಿಗಳ ಹೊಲಿಗೆಯನ್ನು ನೋಡುತ್ತಿದ್ದೇನೆ.